ಒಂದೇ ಕಂಪ್ಯೂಟರಿನಲ್ಲಿ ಹಲವು ಪೈಥಾನ್

ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಅದನ್ನು ಓದಿ ನಡೆಸಿಕೊಡುವ ಇಂಟರ್‌ಪ್ರಿಟರ್ ಮತ್ತು ಅದರೊಡನೆ ಬರುವ ಲೈಬ್ರರಿಗಳು ಕಂಪ್ಯೂಟರಿನಲ್ಲಿ ಮೊದಲೇ ಇರಬೇಕು. ಇವೆರಡನ್ನೂ ಕೂಡಿಸಿ ರನ್‌ಟೈಮ್ ಎನ್ನುತ್ತಾರೆ. ಕೋಡ್ ಸರಿಯಿದ್ದೂ ಪ್ರೋಗ್ರಾಂ ಓಡದಿದ್ದರೆ ಎಷ್ಟೋ ಸಲ ದೋಷ ಇರುವುದು ಇಲ್ಲೇ. ರನ್‌ಟೈಮ್ ಇನ್‌ಸ್ಟಾಲ್ ಆಗಿರುವುದಿಲ್ಲ, ಆಗಿದ್ದರೂ ಬೇಕಾದ ವರ್ಷನ್ ಆಗಿರುವುದಿಲ್ಲ, ಇಲ್ಲವೇ ಎರಡು ಮೂರು ಇದ್ದು ಯಾವುದು ಓಡುತ್ತಿದೆ ಎಂಬುದೇ ತಿಳಿಯುವುದಿಲ್ಲ. ಈ ತೊಡಕು ಬೆಳೆದು ಬಂದುದರಲ್ಲಿ ಭಾಷೆಯ ಪಾಲಿಗಿಂತ ಆಪರೇಟಿಂಗ್ ಸಿಸ್ಟಮ್‌ಗಳ ಪಾಲೇ ದೊಡ್ಡದು. ಒಂದೇ ರನ್‌ಟೈಮನ್ನು ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರೂ ಬೇರೆ ಬೇರೆ ಕಣ್ಣಿನಿಂದ ನೋಡಿದವು.

ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿದ್ದ ಗೀಡೋ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ ಪೈಥಾನ್ ಬರೆಯಲು ತೊಡಗಿ, 1991ರ ಫೆಬ್ರವರಿಯಲ್ಲಿ 0.9.0 ಆವೃತ್ತಿಯ ಮೂಲ ಕೋಡನ್ನು ಹಂಚಿದರು. ಆಗ ಬೇಕಾದವರು ಕೋಡ್ ತಂದು ತಮ್ಮ ಯಂತ್ರದಲ್ಲಿ ತಾವೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು. ಮುಂದೆ ಲಿನಕ್ಸ್ ಹಂಚಿಕೆಗಳು ಪೈಥಾನನ್ನು ಜೊತೆಗೇ ಕೊಡತೊಡಗಿದವು. ಅಷ್ಟಕ್ಕೇ ನಿಲ್ಲದೆ ತಮ್ಮ ಸ್ವಂತ ಸಾಧನಗಳನ್ನೂ ಅದರಲ್ಲೇ ಬರೆದವು. ರೆಡ್ ಹ್ಯಾಟ್‌ನ ಅನಕೊಂಡ ಇನ್‌ಸ್ಟಾಲರ್, ಪ್ಯಾಕೇಜುಗಳನ್ನು ನೋಡಿಕೊಳ್ಳುವ ಯಮ್, ಜೆಂಟೂ ಲಿನಕ್ಸಿನ ಪೋರ್ಟೇಜ್ ಎಲ್ಲವೂ ಪೈಥಾನ್ ಪ್ರೋಗ್ರಾಂಗಳೇ. ಹೀಗೆ ಲಿನಕ್ಸಿನಲ್ಲಿ ಪೈಥಾನ್ ಬಳಕೆದಾರನ ಸ್ವತ್ತಾಗಿ ಉಳಿಯದೆ ಸಿಸ್ಟಮ್‌ನ ಅಂಗವಾಯಿತು. ಆಪಲ್ ಕಂಪನಿ ಮ್ಯಾಕ್ ಓಎಸ್ ಎಕ್ಸ್ ಜೊತೆಗೆ ಒಂದು ಪ್ರತಿಯನ್ನು ಕೊಡುತ್ತಿತ್ತು, ಆದರೆ ಅದು ಸಾಮಾನ್ಯವಾಗಿ ಹಳೆಯದಾಗಿರುತ್ತಿತ್ತು. ವಿಂಡೋಸ್‌ನಲ್ಲಿ ಪೈಥಾನ್ ಇರಲೇ ಇಲ್ಲ.

ಲಿನಕ್ಸಿನ ತೊಂದರೆಗೆ, ರೆಡ್ ಹ್ಯಾಟ್‌ನದನ್ನೇ ಆಧರಿಸಿದ ಸೆಂಟ್ಓಎಸ್ 6 ಎಂಬ ಹಂಚಿಕೆ ಒಳ್ಳೆಯ ನಿದರ್ಶನ. ಅದರಲ್ಲಿದ್ದುದು ಪೈಥಾನ್ 2.6. ಹೊಸ ಲೈಬ್ರರಿಗಳು 2.7 ಕೇಳುತ್ತಿದ್ದುದರಿಂದ ಸರ್ವರ್ ನೋಡಿಕೊಳ್ಳುವವರು ಅದನ್ನು ಕಂಪೈಲ್ ಮಾಡಿ, ಪೈಥಾನ್ ಎಂಬ ಕಮಾಂಡಿನ ಲಿಂಕನ್ನು ಹೊಸದರ ಕಡೆಗೆ ತಿರುಗಿಸುತ್ತಿದ್ದರು. ತಮ್ಮ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿತ್ತು. ಮರುದಿನವೋ ಮರುವಾರವೋ ಯಮ್ ಕಮಾಂಡ್ ಕೊಟ್ಟಾಗ, ಯಮ್ ಎಂಬ ಮಾಡ್ಯೂಲೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಪೈಥಾನಿನ ಪ್ರತಿ ವರ್ಷನ್ ಲೈಬ್ರರಿಗಳನ್ನು ಹುಡುಕುವುದು ತನ್ನದೇ ಫೋಲ್ಡರಿನಲ್ಲಿ. ಯಮ್ ಲೈಬ್ರರಿ ಇದ್ದುದು 2.6ರ ಫೋಲ್ಡರಿನಲ್ಲಿ, ಅದನ್ನು ಓಡಿಸಲು ಹೊರಟದ್ದು 2.7. ಕೆಟ್ಟದ್ದನ್ನು ರಿಪೇರಿ ಮಾಡುವ ಪ್ಯಾಕೇಜ್ ತರಬೇಕಾದ ಸಾಧನವೇ ಕೆಟ್ಟು ಕೂತಿರುತ್ತಿತ್ತು. ಲಿಂಕನ್ನು ಮತ್ತೆ 2.6ಕ್ಕೆ ತಿರುಗಿಸಿದರೆ ಯಮ್ ಎದ್ದು ನಿಲ್ಲುತ್ತಿತ್ತು. ಇದಕ್ಕೆ ಸರಿಯಾದ ದಾರಿ ಪೈಥಾನಿನ ಬಿಲ್ಡ್ ವ್ಯವಸ್ಥೆಯಲ್ಲೇ ಇತ್ತು. ಇನ್‌ಸ್ಟಾಲ್ ಎನ್ನುವ ಬದಲು ಆಲ್ಟ್‌ಇನ್‌ಸ್ಟಾಲ್ ಎಂದರೆ ಹೊಸ ಪ್ರತಿ ತನ್ನ ವರ್ಷನ್ ಸಂಖ್ಯೆಯ ಹೆಸರಿನಲ್ಲೇ ನೆಲೆಸಿ, ಹಳೆಯದರ ಜಾಗಕ್ಕೆ ಕೈಹಾಕುತ್ತಿರಲಿಲ್ಲ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಸಿಸ್ಟಮ್ ಸಾಧನಗಳಿಗೆಂದೇ ಪ್ಲಾಟ್‌ಫಾರ್ಮ್ ಪೈಥಾನ್ ಎಂಬ ಬೇರೆ ಪ್ರತಿಯನ್ನು ಬದಿಗಿಟ್ಟಿತು. ಇಷ್ಟು ಸರಳವಾದ ಬೇರ್ಪಡಿಕೆ ಅಷ್ಟು ತಡವಾಗಿ ಬಂದದ್ದು ವಿಷಾದದ ಸಂಗತಿ.

ವಿಂಡೋಸ್‌ನ ಕಥೆ ಪಾತ್ ಎಂಬ ಪಟ್ಟಿಯ ಸುತ್ತ ಸುತ್ತುತ್ತದೆ. ಕಮಾಂಡಿನ ಹೆಸರು ಟೈಪ್ ಮಾಡಿದಾಗ ಅದನ್ನು ಯಾವ ಯಾವ ಫೋಲ್ಡರಿನಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಹೇಳುವ ಪಟ್ಟಿ ಇದು. ಪೈಥಾನ್ ಇನ್‌ಸ್ಟಾಲರ್ ಬಹುಕಾಲ ಈ ಪಟ್ಟಿಯನ್ನು ಮುಟ್ಟುತ್ತಿರಲಿಲ್ಲ. 2012ರ 3.3 ಆವೃತ್ತಿಯಿಂದ ಅದಕ್ಕೊಂದು ಆಯ್ಕೆ ಸಿಕ್ಕಿತು, ಆದರೆ ಟಿಕ್ ಹಾಕದಿದ್ದರೆ ಅದು ಜಾರಿಗೆ ಬರುತ್ತಿರಲಿಲ್ಲ. ಹಾಗಾಗಿ ಇನ್‌ಸ್ಟಾಲ್ ಯಶಸ್ವಿಯಾಯಿತು ಎಂಬ ಸಂದೇಶ ಕಂಡ ಮರುಕ್ಷಣವೇ, ಪೈಥಾನ್ ಎಂಬ ಕಮಾಂಡ್ ಗುರುತಿಗೆ ಸಿಗುತ್ತಿಲ್ಲ ಎಂಬ ಸಂದೇಶವನ್ನೂ ಹೊಸಬರು ಕಾಣುತ್ತಿದ್ದರು. ಪಾತ್ ತಿದ್ದಿದ ಮೇಲೂ ಅದೇ ಸಂದೇಶ ಬರಬಹುದು. ಮೊದಲೇ ತೆರೆದಿದ್ದ ಕಮಾಂಡ್ ವಿಂಡೋ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ, ಹೊಸ ವಿಂಡೋ ತೆರೆಯಬೇಕು. ಅದೇ 3.3ರೊಂದಿಗೆ ಪೈ ಎಂಬ ಲಾಂಚರ್ ಕೂಡ ಬಂತು. ಪಾತ್ ಹೇಗೇ ಇರಲಿ, ಇನ್‌ಸ್ಟಾಲ್ ಆಗಿರುವ ವರ್ಷನ್‌ಗಳಲ್ಲಿ ಬೇಕಾದುದನ್ನು ಹೆಸರಿಸಿ ಓಡಿಸಲು ಅದರಿಂದ ಸಾಧ್ಯವಾಯಿತು. ವಿಂಡೋಸ್‌ನಲ್ಲಿ ಈ ಸಮಸ್ಯೆಗೆ ಸಿಕ್ಕ ಪರಿಹಾರಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ. 2019ರ ಮೇ ಅಪ್‌ಡೇಟ್ ಬಂದ ಮೇಲೆ, ಪೈಥಾನ್ ಇಲ್ಲದ ವಿಂಡೋಸ್ 10ರಲ್ಲಿ ಆ ಹೆಸರು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳತೊಡಗಿತು. ಪೈಥಾನ್ ಇದ್ದೂ ಸ್ಟೋರ್ ತೆರೆದರೆ ಪಾತ್ ಸರಿಯಿಲ್ಲವೆಂದೇ ಅರ್ಥ. ಅದನ್ನು ಸರಿಪಡಿಸಿ, ಸೆಟ್ಟಿಂಗ್ಸ್‌ನಲ್ಲಿರುವ ಆಪ್ ಎಕ್ಸಿಕ್ಯೂಷನ್ ಅಲಿಯಾಸ್ ಪಟ್ಟಿಯಲ್ಲಿ ಪೈಥಾನಿನ ಸಾಲುಗಳನ್ನು ಆಫ್ ಮಾಡಬೇಕು.

ಸಿ ಭಾಷೆಯ ಭಾಗಗಳಿರುವ ಲೈಬ್ರರಿಗಳು ವಿಂಡೋಸ್‌ನಲ್ಲಿ ಇನ್ನೊಂದು ಕಷ್ಟ ತಂದವು. ಅವನ್ನು ಕಂಪೈಲ್ ಮಾಡಲು ಆಯಾ ಪೈಥಾನಿಗೆ ಹೊಂದುವ ವಿಷುವಲ್ ಸಿ++ ಬೇಕಿತ್ತು: 2.7ಕ್ಕೆ 2008ರದು, 3.3 ಮತ್ತು 3.4ಕ್ಕೆ 2010ರದು, 3.5ರಿಂದಾಚೆಗೆ 2015ರದು. ಮೊದಲೇ ಕಂಪೈಲ್ ಮಾಡಿದ ವ್ಹೀಲ್ ಎಂಬ ಪ್ಯಾಕೇಜ್ ರೂಪ ಬಳಕೆಗೆ ಬಂದ ಮೇಲೆ ಈ ಗೋಳು ಬಹುಪಾಲು ತೀರಿತು.

ಇಷ್ಟೆಲ್ಲದರ ನಡುವೆ 2008ರ ಡಿಸೆಂಬರ್ 3ರಂದು ಪೈಥಾನ್ 3.0 ಹೊರಬಂತು. ಹಳೆಯ ಕೋಡ್ ಅದರಲ್ಲಿ ಹಾಗೇ ಓಡುವಂತಿರಲಿಲ್ಲ. ಪ್ರಿಂಟ್ ಎಂಬುದು ಫಂಕ್ಷನ್ ಆಗಿ ಅದಕ್ಕೆ ಆವರಣ ಚಿಹ್ನೆ ಕಡ್ಡಾಯವಾಯಿತು. 7ನ್ನು 2ರಿಂದ ಭಾಗಿಸಿದರೆ 3ರ ಬದಲು 3.5 ಬರತೊಡಗಿತು. ಇವೆರಡಕ್ಕಿಂತ ಆಳವಾದ ಬದಲಾವಣೆ ಪಠ್ಯದ್ದು, ಅದರ ಬೆಲೆ ತಿಳಿಯಲು ಕನ್ನಡಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ‘ಕನ್ನಡ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಂತೆ ಐದು ಸಂಕೇತಗಳಿವೆ: ಕ, ನ, ಹಲಂತ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಇವು ತಲಾ ಮೂರು ಬೈಟ್ ಹಿಡಿಯುತ್ತವೆ. ಯುಟಿಎಫ್-8 ಕಡತದಲ್ಲಿ ಬರೆದ ಈ ಪದದ ಉದ್ದ ಕೇಳಿದರೆ ಪೈಥಾನ್ 2 ಬೈಟುಗಳನ್ನು ಎಣಿಸಿ 15 ಎನ್ನುತ್ತಿತ್ತು. ಪೈಥಾನ್ 3 ಹೇಳುವುದು 5. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ 224. ಪೈಥಾನ್ 2 ಅದನ್ನು ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಸಂಕೇತವೆಂದು ಭಾವಿಸಿ ಯೂನಿಕೋಡ್ ಪಠ್ಯದೊಡನೆ ಬೆರೆಸಲು ಹೋದಾಗ, 127ಕ್ಕಿಂತ ದೊಡ್ಡ ಬೈಟ್ ತನಗೆ ತಿಳಿಯದೆಂದು ನಿಂತುಬಿಡುತ್ತಿತ್ತು. ಇಂಗ್ಲಿಷ್ ಪಠ್ಯದಲ್ಲಿ ಮಾತ್ರ ಪರೀಕ್ಷಿಸಿದ ಪ್ರೋಗ್ರಾಂ ಕನ್ನಡದ ಮೊದಲ ಅಕ್ಷರಕ್ಕೇ ಎಡವುತ್ತಿದ್ದುದು ಹೀಗೆ. ಪೈಥಾನ್ 3 ಪಠ್ಯವನ್ನೂ ಬೈಟುಗಳನ್ನೂ ಬೇರೆ ಮಾಡಿತು. ಇಂಗ್ಲಿಷ್ ಮಾತ್ರ ಬಳಸುವವರಿಗೆ ಬೇಡದ ತೊಂದರೆಯೆಂದು ತೋರಿದ್ದ ಈ ಬದಲಾವಣೆ, ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಆಗಲೇಬೇಕಿದ್ದ ನ್ಯಾಯವಾಗಿತ್ತು.

ಲೈಬ್ರರಿಗಳು ಹೊಸದಕ್ಕೆ ಹೊರಳಲು ಹತ್ತು ವರ್ಷ ಹಿಡಿಯಿತು. ಎರಡರಲ್ಲೂ ಓಡುವ ಕೋಡ್ ಬರೆಯಲು ಸಿಕ್ಸ್ ಎಂಬ ಲೈಬ್ರರಿ ನೆರವಾಯಿತು. 2010ರ 2.7 ಆವೃತ್ತಿಗೆ 2015ರಲ್ಲಿ ಮುಗಿಯಬೇಕಿದ್ದ ಬೆಂಬಲ 2020ರವರೆಗೆ ವಿಸ್ತರಣೆಗೊಂಡಿತು. ಅಷ್ಟರಲ್ಲಿ ಪೈಥಾನ್ ಎಂಬ ಕಮಾಂಡಿಗೆ ಯಾವ ವರ್ಷನ್ ಓಗೊಡಬೇಕು ಎಂಬುದೇ ಗೊಂದಲವಾಗಿತ್ತು. ಆರ್ಚ್ ಲಿನಕ್ಸ್ 2010ರಲ್ಲೇ ಆ ಹೆಸರನ್ನು 3ಕ್ಕೆ ಕೊಟ್ಟಿತು, ಉಳಿದ ಹಂಚಿಕೆಗಳು 2ಕ್ಕೇ ಉಳಿಸಿಕೊಂಡವು. ಉಬುಂಟು 20.04ರಲ್ಲಿ ಆ ಹೆಸರಿನ ಕಮಾಂಡೇ ಇಲ್ಲ, ಪೈಥಾನ್3 ಎಂದೇ ಹೇಳಬೇಕು. 2022ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಓಎಸ್ 12.3ರಿಂದ ಆಪಲ್ ಪೈಥಾನ್ 2.7ನ್ನು ತೆಗೆದುಹಾಕಿದಾಗ, ಅದನ್ನು ನಂಬಿದ್ದ ಸ್ಕ್ರಿಪ್ಟುಗಳು ನಿಂತವು.

ಲೈಬ್ರರಿ ಇನ್‌ಸ್ಟಾಲ್ ಆದರೂ ಪ್ರೋಗ್ರಾಮಿಗೆ ಸಿಗದಿರುವುದು ಮೂರೂ ಸಿಸ್ಟಮ್‌ಗಳಲ್ಲಿ ಕಾಣುವ ದೂರು. ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಎಂಬ ಸಾಧನ ಒಂದು ಪೈಥಾನಿನದು, ಪ್ರೋಗ್ರಾಂ ಓಡಿಸಿದ್ದು ಇನ್ನೊಂದು ಎಂಬುದು ಇದಕ್ಕೆ ಸಾಮಾನ್ಯ ಕಾರಣ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ವಿಚ್, ವಿಂಡೋಸ್‌ನಲ್ಲಿ ವೇರ್ ಕಮಾಂಡ್ ಯಾವ ಪ್ರತಿ ಓಡುತ್ತದೆಂದು ತೋರಿಸುತ್ತದೆ; ಪಿಪ್ಪನ್ನು ನೇರವಾಗಿ ಕರೆಯದೆ ‘ಪೈಥಾನ್ -ಎಂ ಪಿಪ್’ ಎಂದು ಓಡಿಸಿದರೆ ಎರಡೂ ಒಂದೇ ಆಗಿರುತ್ತವೆ. ಪ್ರತಿ ಯೋಜನೆಗೂ ಪ್ರತ್ಯೇಕ ಪರಿಸರ ಕೊಡುವ ವರ್ಚುವಲ್‌ಎನ್ವ್ ಎಂಬ ಸಾಧನವನ್ನು ಇಯಾನ್ ಬಿಕಿಂಗ್ 2007ರಲ್ಲಿ ಬರೆದರು, ಮರುವರ್ಷ ಪಿಪ್ಪನ್ನೂ ಅವರೇ ತಂದರು. ಅದೇ ಕಲ್ಪನೆ ವೆನ್ವ್ ಎಂಬ ಹೆಸರಿನಲ್ಲಿ 3.3ರಿಂದ ಪೈಥಾನಿನ ಒಳಗೇ ಸೇರಿತು. ಬಹುಕಾಲ ಸಲಹೆಯಾಗಿದ್ದ ಇದನ್ನು 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಹೆಚ್ಚುಕಡಿಮೆ ನಿಯಮವಾಗಿಸಿತು. ಸಿಸ್ಟಮ್‌ನ ಪೈಥಾನಿಗೆ ಪಿಪ್‌ನಿಂದ ಲೈಬ್ರರಿ ಹಾಕಲು ಹೋದರೆ, ಈ ಪರಿಸರ ಹೊರಗಿನಿಂದ ನಿರ್ವಹಣೆಯಾಗುತ್ತಿದೆ ಎಂದು ಅದು ತಡೆಯುತ್ತದೆ.

ಹೊಸ ತೊಡಕುಗಳು ಆಮೇಲೂ ಬಂದವು. 2020ರ ಕೊನೆಯಲ್ಲಿ ಆಪಲ್ ತನ್ನದೇ ಚಿಪ್ಪಿನ ಮ್ಯಾಕ್‌ಗಳನ್ನು ತಂದಾಗ, ಇಂಟೆಲ್‌ಗಾಗಿ ಕಂಪೈಲ್ ಆದ ಲೈಬ್ರರಿ ಮತ್ತು ಹೊಸ ಚಿಪ್ಪಿನ ಪೈಥಾನ್ ಹೊಂದಿಕೊಳ್ಳಲಿಲ್ಲ. 2021ರ ಅಕ್ಟೋಬರಿನಲ್ಲಿ 3.10 ಬಂದಾಗ, ವರ್ಷನ್ ಹೆಸರಿನ ಮೊದಲ ಮೂರು ಅಕ್ಷರ ಮಾತ್ರ ನೋಡುತ್ತಿದ್ದ ಪ್ರೋಗ್ರಾಂಗಳು ಅದನ್ನು 3.1 ಎಂದು ಓದಿದವು. ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮಲ್ ಎಂಬ ರೂಪದ ಕಡತಗಳಲ್ಲಿ ಉದ್ಧರಣ ಚಿಹ್ನೆ ಇಲ್ಲದೆ 3.10 ಎಂದು ಬರೆದವರಿಗೂ ಅದೇ ಆಯಿತು. ದಶಮಾಂಶ ಸಂಖ್ಯೆಯಲ್ಲಿ ಕೊನೆಯ ಸೊನ್ನೆಗೆ ಬೆಲೆಯಿಲ್ಲ. ಈಗ ಪ್ರತಿ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ಬೆಂಬಲ ಇರುತ್ತದೆ. ಹಾಗಾಗಿ ಯಾವುದೇ ಹೊತ್ತಿನಲ್ಲಿ ನಾಲ್ಕೈದು ವರ್ಷನ್‌ಗಳು ಚಾಲ್ತಿಯಲ್ಲಿರುತ್ತವೆ. 2024ರಲ್ಲಿ ಬಂದ ಯುವಿ ಎಂಬ ಸಾಧನ ಯೋಜನೆಯ ಕಡತದಲ್ಲಿ ನಮೂದಿಸಿದ ವರ್ಷನ್ ಸಂಖ್ಯೆಯನ್ನು ಓದಿ, ಅದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ತಾನೇ ಇಳಿಸಿಕೊಂಡು, ಮೂರೂ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಒಂದೇ ರೀತಿ ಪ್ರತ್ಯೇಕ ಪರಿಸರ ಕಟ್ಟಿಕೊಡುತ್ತದೆ; ಸಿಸ್ಟಮ್‌ನ ಪೈಥಾನನ್ನು ಬದಲಿಸುವುದಿಲ್ಲ.