ಕಹಳೆಯಿಂದ ಮನೆಯ ಕೋಣೆಗೆ: ಹಾಡುವ ದನಿ ಮತ್ತು ಮೈಕ್ರೋಫೋನು

ಅರಕಲಗೂಡು ತಾಲ್ಲೂಕಿನ ಕೊಣನೂರಿಗೆ ಸಮೀಪದಲ್ಲಿ, ಕಾವೇರಿಯ ದಂಡೆಯ ಮೇಲೆ, ರುದ್ರಪಟ್ಟಣವೆಂಬ ಊರಿದೆ. ಗಾಯಕ ಆರ್.ಕೆ. ಶ್ರೀಕಂಠನ್ (1920-2014), ರುದ್ರಪಟ್ಟಣಂ ಸಹೋದರರೆಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ - ಇವರೆಲ್ಲರ ಹೆಸರಿನ ಮೊದಲ ಅಕ್ಷರ ಈ ಊರಿನದೇ. ಇಂಥ ಸೀಮೆಯಲ್ಲಿ ಸಂಗೀತ ಕಲಿಯುವ ವಿದ್ಯಾರ್ಥಿಗಳು, ಅಜ್ಜಿಯರ ಸೋಬಾನೆ ಹಾಡುಗಳನ್ನು ಉಳಿಸಿಡಬೇಕೆನ್ನುವ ಅಧ್ಯಾಪಕರು ಈಗ ಮನೆಯಲ್ಲೇ ಧ್ವನಿಮುದ್ರಣ ಮಾಡಲು ಹೊರಟಿದ್ದಾರೆ. ಯಂತ್ರಸಾಮಗ್ರಿ ಅಗ್ಗವಾಗಿದೆ. ಭೌತಶಾಸ್ತ್ರದ ಮೇಷ್ಟರನ್ನು ಕಂಡ ಕೂಡಲೇ ಅವರು ಕೇಳುವ ಪ್ರಶ್ನೆ ಒಂದೇ: ಯಾವ ಮೈಕ್ ಕೊಳ್ಳಬೇಕು?

ಅಂಗಡಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಹೆಚ್ಚು ಬೆಲೆಯದು, ಹೆಚ್ಚು ಸೂಕ್ಷ್ಮವಾದದ್ದು. ಆದರೆ ಮೈಕ್ರೋಫೋನಿನ ಇತಿಹಾಸವನ್ನು ನೋಡಿದರೆ ಒಂದೊಂದು ಬಗೆಯೂ ಒಂದೊಂದು ತೊಂದರೆಯನ್ನು ನಿವಾರಿಸಲು, ಒಂದೊಂದು ಬಗೆಯ ಕೋಣೆಯಲ್ಲಿ ಹುಟ್ಟಿದೆ. ನಮ್ಮ ಮನೆಯ ಕೋಣೆ ಅವುಗಳಲ್ಲಿ ಯಾವುದನ್ನು ಹೋಲುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಮೊದಲಿಗೆ ಮೈಕ್ರೋಫೋನೇ ಇರಲಿಲ್ಲ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಆಕೆ ಹಾಡಿದ್ದು ಒಂದು ಕಹಳೆಯ ಬಾಯಿಗೆ. (ಕೊನೆಗಾಲದಲ್ಲಿ ಆಕೆ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಕಹಳೆಯ ಕಿರಿದಾದ ತುದಿಯಲ್ಲಿ ಒಂದು ತೆಳುಪೊರೆ, ಪೊರೆಗೆ ಅಂಟಿಸಿದ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ವಿದ್ಯುತ್ತಿನ ನೆರವಿಲ್ಲ. ಮೇಣವನ್ನು ಕೊರೆಯುವ ಕೆಲಸವನ್ನು ಗಾಯಕಿಯ ದನಿಯ ಶಕ್ತಿಯೇ ಮಾಡಬೇಕು. ಸಾಮಾನ್ಯ ಮಾತಿನ ಧ್ವನಿಶಕ್ತಿ ಕೇವಲ 10 ಮೈಕ್ರೋವ್ಯಾಟಿನಷ್ಟು ಎಂಬುದನ್ನು ನೆನೆದರೆ ಇದು ಎಷ್ಟು ಕಷ್ಟದ ಕೆಲಸವೆಂದು ತಿಳಿಯುತ್ತದೆ. ಆದ್ದರಿಂದ ಕಹಳೆಯೊಳಗೆ ತಲೆಯಿಟ್ಟಂತೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ಸಣ್ಣ ದನಿಯವರಿಗೆ ಅಲ್ಲಿ ಜಾಗವಿರಲಿಲ್ಲ.

ಕಹಳೆಯ ವ್ಯವಸ್ಥೆ ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ. ಕನ್ನಡದ 'ಶ'ಕಾರದ ಶಕ್ತಿ ಹೆಚ್ಚಾಗಿ 3,000 ಹರ್ಟ್ಸ್ ಆಸುಪಾಸಿನಲ್ಲೂ, 'ಸ'ಕಾರದ್ದು 5,000 ಹರ್ಟ್ಸ್‌ಗೂ ಮೇಲೆಯೂ ಇರುತ್ತದೆ. ಆ ಕಾಲದ ತಟ್ಟೆಗಳಲ್ಲಿ ಸಾಹಿತ್ಯ ಏಕೆ ಅಸ್ಪಷ್ಟ ಎಂಬುದಕ್ಕೆ ಇದೇ ಕಾರಣ. ಗಾಯಕರ ಉಚ್ಚಾರಣೆಯನ್ನು ದೂರಬೇಕಾಗಿಲ್ಲ. ತಂಬೂರಿಯ ಜೀವಾಳವಂತೂ ಮೇಲಿನ ಉಪಸ್ವರಗಳಲ್ಲೇ ಇದೆ. ಅದು ಮೇಣವನ್ನು ತಲುಪಲೇ ಇಲ್ಲ.

ದನಿ ಸಾಲದೆಂಬ ಕೊರತೆ ಕಛೇರಿಗಳಲ್ಲೂ ಇತ್ತು. ಮೈಸೂರಿನ ಟಿ. ಚೌಡಯ್ಯನವರು (1895-1967) ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ತಂತಿಯದನ್ನು ರೂಪಿಸಿದ್ದು ಹಿಂದಿನ ಸಾಲಿನವರಿಗೂ ನಾದ ಕೇಳಲೆಂದು. ರುದ್ರಪಟ್ಟಣದ ಆರ್.ಆರ್. ಕೇಶವಮೂರ್ತಿಯವರೂ ಅದೇ ಏಳು ತಂತಿಯ ವಾದ್ಯವನ್ನು ನುಡಿಸುತ್ತಿದ್ದರು. ಮೈಕು ಬರುವ ಮೊದಲಿನ ಸಮಸ್ಯೆಗೆ ಮೈಸೂರು ಸೀಮೆ ಕೊಟ್ಟ ಯಾಂತ್ರಿಕ ಪರಿಹಾರವಿದು.

ದನಿಯನ್ನು ವಿದ್ಯುತ್ತಾಗಿ ಬದಲಿಸುವ ವಿದ್ಯೆ ಅಷ್ಟರಲ್ಲಿ ದೂರವಾಣಿಯಲ್ಲಿ ಬೆಳೆದಿತ್ತು. ಎಡಿಸನ್, ಬರ್ಲಿನರ್, ಹ್ಯೂಸ್ ಇವರು 1877-78ರಲ್ಲಿ ರೂಪಿಸಿದ ಸಾಧನಗಳಲ್ಲಿ ಸಡಿಲವಾಗಿ ಒತ್ತಿಕೊಂಡ ಇಂಗಾಲ ಅಥವಾ ಲೋಹದ ತುಣುಕುಗಳ ರೋಧ, ದನಿಯ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಮಾತಿಗೆ ಅದು ಸಾಕು. ಸಂಗೀತಕ್ಕೆ ಇಂಗಾಲದ ಹರಳುಗಳ ಸುಯ್ಗುಡುವ ಸದ್ದೇ ಅಡ್ಡಿ. 1916ರಲ್ಲಿ ಅಮೆರಿಕದ ಇ.ಸಿ. ವೆಂಟೆ ಬೇರೆ ದಾರಿ ಹಿಡಿದರು. ಬಿಗಿದ ಲೋಹದ ಪೊರೆ, ಅದರ ಹಿಂದೆ ಕೂದಲೆಳೆಗಿಂತ ಕಿರಿದಾದ ಅಂತರದಲ್ಲಿ ಒಂದು ಫಲಕ. ಎರಡೂ ಸೇರಿ ಒಂದು ಕೆಪಾಸಿಟರ್. ಪೊರೆ ಕಂಪಿಸಿದರೆ ಅಂತರ ಬದಲಾಗುತ್ತದೆ, ಧಾರಕತೆ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ. ಇದೇ ಕಂಡೆನ್ಸರ್ ಮೈಕ್. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಆರಂಭವಾದಾಗ ಮೇಲಿನ ಮಿತಿ 5,000-6,000 ಹರ್ಟ್ಸ್‌ಗೆ ಏರಿತು. 'ಸ'ಕಾರ ತಟ್ಟೆಯೊಳಗೆ ಕಾಲಿಟ್ಟಿತು.

ಆದರೆ ಮೆಲುದನಿಗೂ ಪ್ರವೇಶ ಸಿಕ್ಕೊಡನೆ ಬೇಡದ ಅತಿಥಿಯೂ ಒಳಗೆ ಬಂದ. ಅವನೇ ಕೋಣೆಯ ಅನುರಣನ. ಕಹಳೆಗೆ ಕೋಣೆ ಕೇಳಿಸುತ್ತಲೇ ಇರಲಿಲ್ಲವೆನ್ನಬಹುದು. ಮೈಕಿಗೆ ಗೋಡೆಯಿಂದ ಮರಳಿದ ಸದ್ದು, ಹೊರಗಿನ ಗಾಡಿ, ಪಕ್ಕದ ಮನೆಯ ಒರಳು ಎಲ್ಲವೂ ಕೇಳಿಸಿತು.

ನಮ್ಮ ನಾಡಿನಲ್ಲಿ ಮನೆಯೊಂದರೊಳಗೆ ಮೈಕ್ ಇಟ್ಟು ಹಾಡಿಸಿದ ಸಾಹಸಕ್ಕೆ ಮೈಸೂರಿನದೇ ಹಿರಿಯ ಉದಾಹರಣೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟಿನ ಪ್ರೇಷಕವಿಟ್ಟು ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಮನೆಯ ಕೇಂದ್ರಕ್ಕೆ. ಹಾಡಿದ್ದು ಹಾಡಿದಂತೆಯೇ ಬಾನಿಗೇರುತ್ತಿದ್ದ ಕಾಲವದು. ಮುದ್ರಿಸಿ, ಕೇಳಿ, ತಿದ್ದುವ ಸೌಲಭ್ಯವಿಲ್ಲ. ಮುಂದೆ ಕೇಂದ್ರ ಸರ್ಕಾರದ ಆಡಳಿತಕ್ಕೆ ಹೋಗಿ, 1955ರಲ್ಲಿ ಕೇಂದ್ರವೇ ಬೆಂಗಳೂರಿಗೆ ಸ್ಥಳಾಂತರವಾಯಿತು. ರುದ್ರಪಟ್ಟಣದ ಶ್ರೀಕಂಠನ್ ಅವರು ಮೈಸೂರಿನಲ್ಲೂ ಬಳಿಕ ಬೆಂಗಳೂರಿನಲ್ಲೂ ಇದೇ ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು.

ಗೋಪಾಲಸ್ವಾಮಿಯವರ ಪ್ರಸಾರ ಮೊದಲಾದ ಹೊತ್ತಿಗೆ ಹೊರಗಿನ ಪ್ರಯೋಗಶಾಲೆಗಳು ಕೋಣೆಯ ಸದ್ದನ್ನು ಹೊರಗಿಡುವ ಯತ್ನದಲ್ಲಿದ್ದವು. 1931ರಲ್ಲಿ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ರೂಪಿಸಿದ ರಿಬ್ಬನ್ ಮೈಕ್ ಮಾರುಕಟ್ಟೆಗೆ ಬಂತು. ಅಯಸ್ಕಾಂತದ ಧ್ರುವಗಳ ನಡುವೆ ತೂಗುಬಿಟ್ಟ ಅಲ್ಯುಮಿನಿಯಂ ಪಟ್ಟಿ ಅದರ ಜೀವ. ಮುಂದಿನಿಂದಲೂ ಹಿಂದಿನಿಂದಲೂ ಬಂದ ದನಿಯನ್ನು ಅದು ಹಿಡಿಯುತ್ತದೆ, ಅಕ್ಕಪಕ್ಕದ್ದಕ್ಕೆ ಕಿವುಡು. ಅದೇ ವರ್ಷ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಡೈನಾಮಿಕ್ ಮೈಕ್ ಬಂತು: ಪೊರೆಗೆ ಅಂಟಿದ ಸುರುಳಿ ಕಾಂತಕ್ಷೇತ್ರದಲ್ಲಿ ಚಲಿಸಿದಾಗ ಫ್ಯಾರಡೆಯ ನಿಯಮದಂತೆ ವೋಲ್ಟೇಜ್. 1939ರಲ್ಲಿ ಶೂರ್ ಕಂಪನಿಯ ಬೆಂಜಮಿನ್ ಬಾವರ್ ಒಂದೇ ಪೊರೆಯ ಡೈನಾಮಿಕ್ ಮೈಕಿಗೆ 'ಹೃದಯಾಕಾರ'ದ ಗ್ರಹಣ ಒದಗಿಸಿದರು. ಪೊರೆಯ ಹಿಂಬದಿಗೆ ದನಿ ತುಸು ತಡವಾಗಿ ತಲುಪುವಂತೆ ದಾರಿ ಮಾಡಿದ್ದೇ ಅದರ ಉಪಾಯ. ಹಿಂದಿನಿಂದ ಬಂದ ದನಿ ಪೊರೆಯ ಎರಡೂ ಬದಿಗೆ ಒಟ್ಟಿಗೆ ಮುಟ್ಟಿ ರದ್ದಾಗುತ್ತದೆ. 1966ರಲ್ಲಿ ಬಂದ ಎಸ್‌ಎಂ58, ಅಂದರೆ ನಮ್ಮ ಸಭಾಂಗಣಗಳಲ್ಲಿ ಕಾಣುವ ಉಂಡೆತಲೆಯ ಮೈಕ್, ಇದೇ ವಂಶದ್ದು. ಇನ್ನೊಂದು ಕವಲಿನಲ್ಲಿ 1949ರ ಜರ್ಮನಿಯ ನಾಯ್‌ಮನ್ ಯು47, ಹೃದಯಾಕಾರದ ದೊಡ್ಡ ಪೊರೆಯ ಕಂಡೆನ್ಸರ್. ಸುಸಜ್ಜಿತ ಸ್ಟುಡಿಯೋಗಳ ಗಾಯನದ ಮೈಕ್ ಎಂದರೆ ಅದೇ ಎಂಬ ಮಾತಾಯಿತು. ಈಗ ಕೆಲವೇ ಸಾವಿರಕ್ಕೆ ದೊರೆಯುವ ಕಂಡೆನ್ಸರುಗಳು ಅದರ ಹೊರರೂಪವನ್ನು ಅನುಕರಿಸುತ್ತವೆ. ಅದನ್ನಿಟ್ಟ ಸ್ಟುಡಿಯೋದ ಗೋಡೆಗಳು ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಗೋಡೆಗಳಿಲ್ಲದಿದ್ದರೆ ಏನಾಗುತ್ತದೆ, ಲೆಕ್ಕ ಹಾಕೋಣ. ಕೊಣನೂರಿನ ಯಾವುದೋ ತಾರಸಿ ಮನೆಯ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರವಿದೆ ಎನ್ನಿ. ಗಾತ್ರ 36 ಘನಮೀಟರ್. ಗಾರೆಯ ಗೋಡೆ, ನುಣುಪು ನೆಲ, ಒಂದಿಷ್ಟು ಪೀಠೋಪಕರಣ. ಇವೆಲ್ಲದರ ಒಟ್ಟು ಹೀರಿಕೆ 4 ಚದರ ಮೀಟರಿಗೆ ಸಮವೆಂದು ಇಟ್ಟುಕೊಂಡರೆ ಸಬೀನ್ ಸೂತ್ರದಂತೆ ಅನುರಣನ ಕಾಲ 0.161 × 36 ÷ 4, ಅಂದರೆ ಸುಮಾರು 1.45 ಸೆಕೆಂಡ್. ಬಾಯಿಂದ ನೇರ ಬಂದ ದನಿಯೂ ಗೋಡೆಗಳಿಂದ ಮರಳಿದ ದನಿಯೂ ಸಮವಾಗುವ ದೂರವನ್ನು ಸಂದಿಗ್ಧ ದೂರ ಎನ್ನೋಣ. ಎಲ್ಲ ದಿಕ್ಕಿಗೂ ಕಿವಿಗೊಡುವ ಮೈಕಿಗೆ ಅದು ಮೀಟರಿನಲ್ಲಿ ಸುಮಾರು 0.14 × √ಹೀರಿಕೆ. ಈ ಕೋಣೆಯಲ್ಲಿ 28 ಸೆಂಟಿಮೀಟರ್! ಹೃದಯಾಕಾರದ ಮೈಕಿಗೆ √3 ಪಟ್ಟು ಹೆಚ್ಚು, 48 ಸೆಂಟಿಮೀಟರ್. ಅದರಾಚೆ ಇಟ್ಟ ಮೈಕ್ ಗಾಯಕಿಗಿಂತ ಕೋಣೆಯನ್ನೇ ಹೆಚ್ಚು ಮುದ್ರಿಸುತ್ತದೆ. ಅದೇ ಕೋಣೆಗೆ ನಾಲ್ಕಾರು ದಪ್ಪ ಕಂಬಳಿ ಇಳಿಬಿಟ್ಟು, ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಹೀರಿಕೆಯನ್ನು 12 ಚದರ ಮೀಟರಿಗೆ ಏರಿಸಿದರೆ ಅನುರಣನ ಕಾಲ ಅರ್ಧ ಸೆಕೆಂಡಿಗಿಳಿಯುತ್ತದೆ, ಹೃದಯಾಕಾರದ ಮೈಕಿನ ಸಂದಿಗ್ಧ ದೂರ 84 ಸೆಂಟಿಮೀಟರಿಗೇರುತ್ತದೆ. ಹಳೆಯ ಹೆಂಚಿನ ಮನೆಯಲ್ಲಿ ರಾಗಿ ಮೂಟೆ ಒಟ್ಟಿದ ಕೋಣೆ ಈ ದೃಷ್ಟಿಯಿಂದ ಹೊಸ ಮನೆಯ ಥಳಥಳಿಸುವ ಹಜಾರಕ್ಕಿಂತ ಎಷ್ಟೋ ಮೇಲು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಕಂಡೆನ್ಸರ್ ಸೂಕ್ಷ್ಮವಾದ್ದರಿಂದ ಕೋಣೆಯನ್ನು ಎಳೆದುಕೊಳ್ಳುತ್ತದೆ, ಡೈನಾಮಿಕ್ ಎಳೆದುಕೊಳ್ಳುವುದಿಲ್ಲ ಎಂದು ಬಲ್ಲವರೂ ಹೇಳುತ್ತಾರೆ. ಒಂದು ಪಾಸ್ಕಲ್ ಒತ್ತಡಕ್ಕೆ ಡೈನಾಮಿಕ್ ಸುಮಾರು 2 ಮಿಲಿವೋಲ್ಟ್ ಕೊಟ್ಟರೆ ಕಂಡೆನ್ಸರ್ 10ರಿಂದ 20 ಕೊಡುತ್ತದೆ, ನಿಜ. ಆದರೆ ಅದು ಹಾಡನ್ನೂ ಪ್ರತಿಧ್ವನಿಯನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಎರಡರ ಅನುಪಾತ ಬದಲಾಗುವುದು ದೂರದಿಂದ, ದಿಕ್ಕಿನಿಂದ, ಗೋಡೆಯಿಂದ, ಸೂಕ್ಷ್ಮತೆಯಿಂದಲ್ಲ. ಡೈನಾಮಿಕ್ ಮೈಕನ್ನು ತುಟಿಯ ಬಳಿ ಹಿಡಿಯುವ ರೂಢಿಯಿದೆ, ಕಂಡೆನ್ಸರನ್ನು ಮೊಳದಾಚೆ ಇಡುವ ರೂಢಿಯಿದೆ. ಗುಣವನ್ನು ನಾವು ಮೈಕಿಗೆ ಹಚ್ಚಿದ್ದೇವೆ. ಮೇಲಿನ ಆವೃತ್ತಿಗಳಲ್ಲಿ ಕಂಡೆನ್ಸರ್ ಚುರುಕೆಂಬುದು ಬೇರೆ ಮಾತು. ತಂಬೂರಿಯ ಝೇಂಕಾರಕ್ಕೆ, ಅಜ್ಜಿಯ ನಡುಗುವ ಮೆಲುದನಿಗೆ ಅದು ಬೇಕೇ ಬೇಕು.

ಹಾಗಾದರೆ ತೀರಾ ಹತ್ತಿರ ಹೋದರಾಯಿತೇ? ಇಲ್ಲ. 10 ಸೆಂಟಿಮೀಟರಿನಿಂದ ತಲೆ 20ಕ್ಕೆ ಸರಿದರೆ ಮಟ್ಟ 6 ಡೆಸಿಬೆಲ್ ಕುಸಿಯುತ್ತದೆ. 30ರಿಂದ 40ಕ್ಕೆ ಸರಿದರೆ ಎರಡೂವರೆ ಡೆಸಿಬೆಲ್ ಮಾತ್ರ. ಗಮಕದೊಡನೆ ತಲೆದೂಗುವ ನಮ್ಮ ಗಾಯಕರಿಗೆ ಇದು ದೊಡ್ಡ ವ್ಯತ್ಯಾಸ. ದಿಕ್ಕುಳ್ಳ ಮೈಕುಗಳು ಹತ್ತಿರದಲ್ಲಿ ತಗ್ಗಿನ ಆವೃತ್ತಿಗಳನ್ನು ಉಬ್ಬಿಸುವುದರಿಂದ ಮಂದ್ರಸ್ಥಾಯಿ ಡಬಡಬ ಎನ್ನುತ್ತದೆ. ಮಹಾಪ್ರಾಣಗಳ ತಂಟೆ ಬೇರೆ. 'ಫಾಲ', 'ಭಜಿಸು' ಎಂದಾಗ ನುಗ್ಗುವ ಉಸಿರು ಪೊರೆಗೆ ಬಡಿದು ಗುದ್ದಿದಂತೆ ಕೇಳುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಓರೆಯಾಗಿಟ್ಟರೆ ದನಿ ಸಿಗುತ್ತದೆ, ಗಾಳಿ ಪಕ್ಕಕ್ಕೆ ಹೋಗುತ್ತದೆ.

ಆದ್ದರಿಂದ ನನ್ನ ಶಿಫಾರಸು ಕೋಣೆಯಿಂದ ಹೊರಡುತ್ತದೆ. ಕಂಬಳಿ ಕಟ್ಟಲು ಸಾಧ್ಯವಿದ್ದರೆ ಹೃದಯಾಕಾರದ ಕಂಡೆನ್ಸರ್, 25-30 ಸೆಂಟಿಮೀಟರ್ ದೂರದಲ್ಲಿ. ಅದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ಒದಗಿಸುವ ಇಂಟರ್‌ಫೇಸ್ ಪೆಟ್ಟಿಗೆ ಬೇಕು. ಯುಎಸ್‌ಬಿ ಮೈಕ್ ಆದರೆ ಬೇಡ. ಬರಿಗೋಡೆಯ ಕೋಣೆಯಲ್ಲೇ ಹಾಡಬೇಕಾದರೆ ಡೈನಾಮಿಕ್, ಒಂದು ಗೇಣಿನೊಳಗೆ. ಬಹಳ ಕಡಿಮೆ ಸ್ವಂತ ಗದ್ದಲದ ಮೈಕಿಗೆಂದು ಹೆಚ್ಚು ಹಣ ತೆರುವುದು ವ್ಯರ್ಥ. ರಸ್ತೆ ಬದಿಯ ಮನೆಯ ಹಿನ್ನೆಲೆ ಸದ್ದೇ 35-40 ಡೆಸಿಬೆಲ್ ಇರುವಾಗ ಮೈಕಿನ ಗದ್ದಲ 8 ಆದರೇನು, 16 ಆದರೇನು?

ಕೊಳ್ಳುವ ಶಕ್ತಿಯಿಲ್ಲದ ಶಾಲೆಯವರೂ ಕಾಯಬೇಕಾಗಿಲ್ಲ. 1962ರಲ್ಲಿ ಬೆಲ್ ಪ್ರಯೋಗಶಾಲೆಯ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ವಿದ್ಯುದಂಶವನ್ನು ಶಾಶ್ವತವಾಗಿ ಹಿಡಿದಿಡುವ ಪ್ಲಾಸ್ಟಿಕ್ ಪೊರೆಯಿಂದ ಎಲೆಕ್ಟ್ರೆಟ್ ಮೈಕ್ ರಚಿಸಿದರು. ಕಂಡೆನ್ಸರಿನ ಬೆಲೆ ಬಿದ್ದದ್ದು ಆಮೇಲೆ. ಈಗ ಮೊಬೈಲಿನೊಳಗಿರುವುದು ಸಿಲಿಕಾನಿನಲ್ಲಿ ಕೆತ್ತಿದ ಸಾಸಿವೆಯಷ್ಟು ಪೊರೆ. ತತ್ತ್ವ ಮಾತ್ರ ವೆಂಟೆಯದೇ. ಅದರಲ್ಲೇ ಒಂದು ಪ್ರಯೋಗ ಮಾಡಿಸಬಹುದು. ಒಬ್ಬ ವಿದ್ಯಾರ್ಥಿನಿ ಒಂದೇ ಸಾಲನ್ನು ತರಗತಿಯಲ್ಲಿ 15 ಸೆಂಟಿಮೀಟರ್ ದೂರದಿಂದಲೂ ಒಂದು ಮೀಟರ್ ದೂರದಿಂದಲೂ ಹಾಡಲಿ. ಬಳಿಕ ಅದನ್ನೇ ಕಂಬಳಿ ಕಟ್ಟಿದ ಮೂಲೆಯಲ್ಲಿ ಹಾಡಲಿ. ಸಾಲಿನಲ್ಲಿ 'ಸ', 'ಶ' ಎರಡೂ ಇರಲಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮುದ್ರಿಕೆಗಳನ್ನು ಹೆಡ್‌ಫೋನಿನಲ್ಲಿ ಒಂದೇ ಮಟ್ಟಕ್ಕೆ ತಂದು ಕೇಳಿಸಿ. ಯಾವುದು ಎಲ್ಲಿ ಮುದ್ರಿತವಾದದ್ದೆಂದು ಮಕ್ಕಳಿಗೆ ಮೊದಲೇ ಹೇಳಬೇಡಿ.