ಗೊತ್ತಿದ್ದೂ ಕೈಕಟ್ಟಿ ಕುಳಿತ ದೇಶ



ಹವಾಮಾನ ಬದಲಾವಣೆ ಎಂದ ಕೂಡಲೇ ಅದು ಇತ್ತೀಚೆಗೆ ಹುಟ್ಟಿಕೊಂಡ ವಿಷಯವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. "ಇದು ಮೊದಲೇ ಗೊತ್ತಿದ್ದರೆ ಅಮೇರಿಕಾದಂತಹ ದೇಶ ಸುಮ್ಮನಿರುತ್ತಿತ್ತೇ ಸರ್?" ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಅಮೇರಿಕಾಕ್ಕೆ ಗೊತ್ತಿತ್ತು. ಬಹಳ ಮೊದಲೇ ಗೊತ್ತಿತ್ತು.

1856ರಲ್ಲಿ ಯೂನಿಸ್ ಫೂಟ್ ಎಂಬ ಅಮೇರಿಕಾದ ಮಹಿಳೆ ಒಂದು ಸರಳ ಪ್ರಯೋಗ ಮಾಡಿದರು. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿನಲ್ಲಿರಿಸಿದರು. ಇಂಗಾಲದ ಡೈಆಕ್ಸೈಡ್ ತುಂಬಿದ್ದ ಕೊಳವೆ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಯಿತು; ನೆರಳಿಗೆ ತಂದ ಮೇಲೂ ತಣಿಯಲು ಬಹಳ ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿಯ ಉಷ್ಣತೆಯೂ ಹೆಚ್ಚುತ್ತದೆ ಎಂದು ಅವರು ಬರೆದರು. ಅದೇ ವರ್ಷ ವಿಜ್ಞಾನಿಗಳ ಸಮ್ಮೇಳನದಲ್ಲಿ ಆ ಪ್ರಬಂಧವನ್ನು ಓದಿದವರು ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ. ಬಳಿಕ ಸುಮಾರು ಒಂದೂವರೆ ಶತಮಾನ ಕಾಲ ಜಗತ್ತು ಆಕೆಯನ್ನು ಮರೆತೇಬಿಟ್ಟಿತ್ತು. ನಮ್ಮ ಶಾಲೆಗಳ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಬೇಕು.

1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ಅಳೆಯಲು ಆರಂಭಿಸಿದರು. ಆಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರಲ್ಲಿ ಅದು 420ನ್ನು ದಾಟಿತ್ತು. 1965ರಲ್ಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ವಿಜ್ಞಾನಿಗಳ ಸಲಹಾ ಸಮಿತಿ ಈ ಬಗ್ಗೆ ವರದಿ ಕೊಟ್ಟಿತು. ಕಲ್ಲಿದ್ದಲು ಮತ್ತು ಎಣ್ಣೆ ಸುಡುವುದರಿಂದ ಹವಾಮಾನವೇ ಬದಲಾಗಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು.

ಗೊತ್ತಿದ್ದುದು ಸರ್ಕಾರಕ್ಕೆ ಮಾತ್ರವಲ್ಲ. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಲ್ಲೇ ತಮ್ಮ ಆಡಳಿತದವರಿಗೆ ಈ ಅಪಾಯವನ್ನು ವಿವರಿಸಿದ್ದರು. ಅವರು ಹಾಕಿದ್ದ ಲೆಕ್ಕ ಬಹುಪಾಲು ಸರಿಯಾಗಿತ್ತು ಎಂಬುದನ್ನು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೂ ಆ ಕಂಪನಿ ಮುಂದಿನ ವರ್ಷಗಳಲ್ಲಿ ಜನರ ಮುಂದೆ ಹೇಳಿದ್ದು, ಇದಿನ್ನೂ ಖಚಿತವಲ್ಲ ಎಂದು!

ಇನ್ನು ರಾಜಕೀಯದ ಕಡೆಗೆ ಬರೋಣ. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ 32 ಫಲಕಗಳನ್ನು ಹಾಕಿಸಿದರು. 1986ರಲ್ಲಿ ರೊನಾಲ್ಡ್ ರೇಗನ್ ಅವರ ಕಾಲದಲ್ಲಿ ಮಾಳಿಗೆಯ ದುರಸ್ತಿಗೆಂದು ಅವುಗಳನ್ನು ತೆಗೆಯಲಾಯಿತು, ಮತ್ತೆ ಹಾಕಲಿಲ್ಲ. ಮುಂದಿನ ಇತಿಹಾಸವೆಲ್ಲ ಈ ಮಾಳಿಗೆಯ ಕಥೆಯಂತೆಯೇ ಇದೆ. ಒಬ್ಬರು ಹಾಕುವುದು, ಇನ್ನೊಬ್ಬರು ತೆಗೆಯುವುದು.

1988ರ ಜೂನ್ 23ರಂದು ನಾಸಾ ಸಂಸ್ಥೆಯ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿಯ ಮುಂದೆ, ಭೂಮಿ ಬಿಸಿಯಾಗುತ್ತಿರುವುದು ಶೇಕಡಾ 99ರಷ್ಟು ಖಚಿತವೆಂದು ಸಾಕ್ಷ್ಯ ನುಡಿದರು. ಮರುವರ್ಷವೇ ತೈಲ, ಕಲ್ಲಿದ್ದಲು ಮತ್ತು ವಾಹನ ಉದ್ಯಮಗಳು ಒಂದು ಒಕ್ಕೂಟ ಕಟ್ಟಿಕೊಂಡು, ಯಾವ ನಿರ್ಬಂಧವೂ ಬಾರದಂತೆ ಪ್ರಚಾರಕ್ಕಿಳಿದವು.

1997ರ ಜುಲೈನಲ್ಲಿ ಸೆನೆಟ್ 95-0 ಮತಗಳಿಂದ ಒಂದು ನಿರ್ಣಯ ಅಂಗೀಕರಿಸಿತು. ಅಭಿವೃದ್ಧಿಶೀಲ ರಾಷ್ಟ್ರಗಳಿಗೂ ಮಿತಿ ಹೇರದ, ಅಥವಾ ಅಮೇರಿಕಾದ ಆರ್ಥಿಕತೆಗೆ ಧಕ್ಕೆ ತರುವ ಒಪ್ಪಂದ ಬೇಡ ಎಂಬುದು ಅದರ ಸಾರ. ಅಂದರೆ ನಮ್ಮ ಭಾರತವೂ ಅಲ್ಲಿ ಒಂದು ನೆಪವಾಯಿತು! ಆಗ ಒಬ್ಬ ಅಮೇರಿಕನ್ ವರ್ಷಕ್ಕೆ ಸುಮಾರು 20 ಟನ್ ಇಂಗಾಲದ ಡೈಆಕ್ಸೈಡ್‌ಗೆ ಕಾರಣನಾಗುತ್ತಿದ್ದರೆ, ಒಬ್ಬ ಭಾರತೀಯನ ಪಾಲು ಸುಮಾರು 1 ಟನ್ ಮಾತ್ರ. ನಿರ್ಣಯ ಮಂಡಿಸಿದವರಲ್ಲಿ ರಾಬರ್ಟ್ ಬರ್ಡ್ ಡೆಮಾಕ್ರಟಿಕ್ ಪಕ್ಷದವರು, ಕಲ್ಲಿದ್ದಲು ಗಣಿಗಳ ರಾಜ್ಯವಾದ ವೆಸ್ಟ್ ವರ್ಜೀನಿಯಾದವರು. ಚಕ್ ಹೇಗಲ್ ರಿಪಬ್ಲಿಕನ್ ಪಕ್ಷದವರು. ಆದ್ದರಿಂದ ಇದನ್ನು ಒಂದೇ ಪಕ್ಷದ ತಪ್ಪೆಂದು ಹೇಳುವಂತಿಲ್ಲ.

ಅದೇ ಡಿಸೆಂಬರ್‌ನಲ್ಲಿ ರೂಪುಗೊಂಡ ಕ್ಯೋಟೋ ಒಪ್ಪಂದಕ್ಕೆ ಬಿಲ್ ಕ್ಲಿಂಟನ್ ಸರ್ಕಾರ 1998ರಲ್ಲಿ ಸಹಿ ಹಾಕಿತಾದರೂ ಸೆನೆಟ್‌ಗೆ ಕಳುಹಿಸಲೇ ಇಲ್ಲ. 2001ರಲ್ಲಿ ಜಾರ್ಜ್ ಬುಷ್ ಅದನ್ನು ತಿರಸ್ಕರಿಸಿದರು. 2015ರ ಪ್ಯಾರಿಸ್ ಒಪ್ಪಂದಕ್ಕೆ ಬರಾಕ್ ಒಬಾಮಾ ಸೇರಿದರು. 2020ರ ನವೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ನಿರ್ಧಾರದಂತೆ ಅಮೇರಿಕಾ ಹೊರಬಂತು. 2021ರ ಫೆಬ್ರವರಿಯಲ್ಲಿ ಜೋ ಬೈಡನ್ ಮತ್ತೆ ಸೇರಿಸಿದರು. 2025ರ ಜನವರಿಯಲ್ಲಿ, ಮತ್ತೆ ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಮತ್ತೆ ಹೊರಬರಲು ಆದೇಶಿಸಿದರು.

ಇದರ ಫಲವನ್ನು ಅನುಭವಿಸುವವರು ಯಾರು? 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬೀಸಿದಾಗ ತಡೆಗೋಡೆಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಶೇಕಡಾ 80 ಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಂದು ಚಂಡಮಾರುತವನ್ನು ಹಿಡಿದು ಇದು ಹವಾಮಾನ ಬದಲಾವಣೆಯದೇ ಕೆಲಸ ಎನ್ನಲಾಗದು. ಗೋಡೆ ಕಟ್ಟಿದವರ ತಪ್ಪೂ ಇತ್ತು. ಆದರೆ ಬಿಸಿಯಾದ ಸಮುದ್ರ ಚಂಡಮಾರುತಕ್ಕೆ ಬಲ ಕೊಡುತ್ತದೆ. ಕಾರಿದ್ದವರು ಊರು ಬಿಟ್ಟು ಹೋದರು. ಹಿಂದೆ ಉಳಿದವರಲ್ಲಿ ಬಡವರು, ಕಪ್ಪು ಜನರು, ವೃದ್ಧರೇ ಹೆಚ್ಚು.

ಅದೇ ಲೂಸಿಯಾನಾ ರಾಜ್ಯದಲ್ಲಿ ಮೂಲನಿವಾಸಿಗಳ ಐಲ್ ಡಿ ಜೀನ್ ಚಾರ್ಲ್ಸ್ ಎಂಬ ದ್ವೀಪವಿದೆ. ಏರುತ್ತಿರುವ ಸಮುದ್ರ ಮತ್ತು ತೈಲ ಕಂಪನಿಗಳು ತೋಡಿದ ಕಾಲುವೆಗಳು ಮುಂತಾದ ಕಾರಣಗಳಿಂದ 1955ರ ನಂತರ ಅದರ ಶೇಕಡಾ 98ರಷ್ಟು ನೆಲ ನೀರುಪಾಲಾಯಿತು. ಅಲ್ಲಿನ ಜನರನ್ನು ಬೇರೆಡೆಗೆ ಸಾಗಿಸಲು 2016ರಲ್ಲಿ ಸರ್ಕಾರ 4.8 ಕೋಟಿ ಡಾಲರ್ ಕೊಟ್ಟಿತು. ಮನೆ ಸಿಕ್ಕಿತು. ಆದರೆ ತಾತ ಮುತ್ತಾತರ ಮಣ್ಣು ಸಿಕ್ಕೀತೇ? 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಕಾಡ್ಗಿಚ್ಚಿಗೆ ಸುಟ್ಟು ಬೂದಿಯಾಯಿತು. ಆ ಬೆಂಕಿಯಲ್ಲಿ 85 ಜನ ಸತ್ತರು. ಕಿಡಿ ಹೊತ್ತಿದ್ದು ವಿದ್ಯುತ್ ತಂತಿಯಿಂದ. ಅದನ್ನು ಹಬ್ಬಿಸಿದ್ದು ಗಾಳಿ ಮತ್ತು ಒಣಗಿ ನಿಂತಿದ್ದ ಕಾಡು. ಪ್ಯಾರಡೈಸ್ ಎಂದರೆ ಜನ್ನತ್ ಎಂದರ್ಥ.

ಓದುಗರೇ, ಅಮೇರಿಕಾವನ್ನು ಬೈಯುವುದು ಈ ಲೇಖನದ ಉದ್ದೇಶವಲ್ಲ. ಈ ಸತ್ಯವನ್ನು ಅಳೆದು ತೋರಿಸಿದ ಫೂಟ್, ಕೀಲಿಂಗ್, ಹ್ಯಾನ್ಸನ್ ಅವರೂ ಅಮೇರಿಕನ್ನರೇ. ಆ ದೇಶಕ್ಕೆ ಇಲ್ಮ್‌ನ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಅಮಲ್‌ನದು. ಅಮಲ್ ಇಲ್ಲದ ಇಲ್ಮ್ ಫಲವಿಲ್ಲದ ಮರದಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಮರಕ್ಕೆ ಫಲವಿಲ್ಲದ್ದಷ್ಟೇ ಅಲ್ಲ, ಅದರ ನೆರಳೂ ಬಡವರಿಗೆ ಸಿಗಲಿಲ್ಲ.

ಇಂದು ಭಾರತವೂ ಹೆಚ್ಚು ಹೊಗೆ ಉಗುಳುವ ದೇಶಗಳಲ್ಲಿ ಒಂದು. ಹಾಗಾಗಿ ಅಮೇರಿಕಾಕ್ಕೆ ಕೇಳಿದ ಪ್ರಶ್ನೆ ನಾಳೆ ನಮಗೂ ಬರುತ್ತದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬೇಡಿ ಎಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಈ ಭೂಮಿ ನಮ್ಮ ಸ್ವತ್ತಲ್ಲ, ಅಮಾನತ್ತು. ಪರಿಸರದ ಪಾಠ ಓದಿ, ಪರೀಕ್ಷೆಯಲ್ಲಿ ಅಂಕ ಪಡೆದು, ಪುಸ್ತಕ ಮುಚ್ಚಿಡುವ ವಿದ್ಯಾರ್ಥಿ ನೀವಾಗಬೇಡಿ. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಎಂಜಿನಿಯರ್, ಅಧಿಕಾರಿ ಅಥವಾ ಶಾಸಕರಾಗಬಹುದು. ಆಗ "ನಮಗೆ ಗೊತ್ತಿರಲಿಲ್ಲ" ಎಂದು ಹೇಳುವ ಅವಕಾಶ ನಿಮಗಿರುವುದಿಲ್ಲ.