ತಪ್ಪು ಅಚ್ಚಿಗೆ ಹೆಚ್ಚು ಬೆಲೆ

ಶಾಲೆಯಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯುವುದು ಪದ್ಧತಿ. ಆ ಕೆಂಪು ಶಾಯಿಯನ್ನು ನಿಮ್ಮಲ್ಲಿ ಬಹುತೇಕರು ಇನ್ನೂ ಮರೆತಿರಲಾರಿರಿ. ಆದರೆ ಒಂದೇ ಒಂದು ಅಕ್ಷರ ತಪ್ಪಾಗಿ ಅಚ್ಚಾಯಿತೆಂಬ ಕಾರಣಕ್ಕೆ, ಅಂಗೈಗಿಂತ ಚಿಕ್ಕದಾದ ರಟ್ಟಿನ ತುಂಡೊಂದು, ಸರಿಯಾಗಿ ಅಚ್ಚಾದ ತನ್ನ ಜೊತೆಗಾರನಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆಗೆ ಮಾರಾಟವಾಗುವ ಲೋಕವೊಂದಿದೆ. ಅದು ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡುಗಳ ಲೋಕ. ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯರೊಬ್ಬರು ತಮ್ಮ ಮಗನ ಹವ್ಯಾಸವನ್ನು ಕುರಿತು ಬರೆಯುತ್ತಾ, "ಮೇಷ್ಟ್ರೇ, ನೀವು ಅಂಕ ಕಳೆಯುತ್ತಿದ್ದ ತಪ್ಪಿಗೆ ಇಲ್ಲಿ ಹಣ ಕೊಡುತ್ತಾರಲ್ಲ, ಏಕೆ?" ಎಂದು ಕೇಳಿದ್ದರು. ಪ್ರಶ್ನೆ ಸಣ್ಣದೆಂದು ತೋರಿದರೂ ಅದರ ಬೆನ್ನು ಹತ್ತಿ ಹೋದಾಗ ಮುದ್ರಣದ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯವೇ ತೆರೆದುಕೊಂಡಿತು.

ಬೇಸ್‌ಬಾಲ್ ಆಟವನ್ನು ನೋಡದವರಿಗೂ ಈ ಕಾರ್ಡುಗಳು ಅಪರಿಚಿತವೆನಿಸಲಾರವು. ನಮ್ಮ ಮಕ್ಕಳು ಬೆಂಕಿಪೊಟ್ಟಣದ ಚಿತ್ರಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುತ್ತಿದ್ದಂತೆ ಅಲ್ಲಿಯ ಮಕ್ಕಳು ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಕೂಡಿಡುತ್ತಿದ್ದರು. ಇವು ಮೊದಲು ಬಂದದ್ದು ಸಿಗರೇಟು ಪೊಟ್ಟಣಗಳೊಳಗೆ. ಪೊಟ್ಟಣ ಮುದುರದಂತೆ ತಡೆಯುವುದು ಒಂದು ಉಪಯೋಗ, ಗಿರಾಕಿ ಮತ್ತೆ ಅದೇ ಸಿಗರೇಟನ್ನು ಕೊಳ್ಳುವಂತೆ ಮಾಡುವುದು ಇನ್ನೊಂದು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯು ಹೊರತಂದ ಕಾರ್ಡುಗಳ ಮಾಲೆಯನ್ನು ಸಂಗ್ರಾಹಕರು ಟಿ-206 ಎಂದು ಕರೆಯುತ್ತಾರೆ. ಐನೂರಕ್ಕೂ ಹೆಚ್ಚು ಬಗೆಯ ಕಾರ್ಡುಗಳಿರುವ ಈ ಮಾಲೆಗೆ ಆ ಸಂಖ್ಯೆಯನ್ನಿತ್ತವರು ಜೆಫರ್ಸನ್ ಬರ್ಡಿಕ್. ಟಿ ಎಂದರೆ ತಂಬಾಕು. ಸಂಧಿವಾತದಿಂದ ಕೈಕಾಲು ಸೊಟ್ಟಗಾಗಿದ್ದ ಈ ಮನುಷ್ಯ ಮದುವೆಯಾಗದೆ, ಗಳಿಸಿದ್ದನ್ನೆಲ್ಲ ಕಾಗದದ ತುಣುಕುಗಳಿಗೆ ಸುರಿದು, ಕೊನೆಗೆ ಮೂರು ಲಕ್ಷಕ್ಕೂ ಮಿಕ್ಕಿದ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಅವನ್ನು ತಾವೇ ಆಲ್ಬಮ್ಮುಗಳಿಗೆ ಅಂಟಿಸಿ, ಆ ಕೆಲಸ ಮುಗಿಸಿದ ಕೆಲವೇ ವಾರಗಳಲ್ಲಿ, 1963ರಲ್ಲಿ, ತೀರಿಕೊಂಡರು. ಕಸವೆಂದು ಎಸೆಯುವುದನ್ನು ಎಣಿಸಿ ವರ್ಗೀಕರಿಸುವ ಇಂತಹವರಿಲ್ಲದಿದ್ದರೆ ತಪ್ಪು ಯಾವುದು, ಒಪ್ಪು ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಮಾಲೆಯ ಅತ್ಯಂತ ಪ್ರಸಿದ್ಧ ಕಾರ್ಡು ಹೋನಸ್ ವಾಗ್ನರ್ ಎಂಬ ಆಟಗಾರನದು. ಅದರ ಒಂದು ಪ್ರತಿ 2022ರಲ್ಲಿ 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಆದರೆ ಅಲ್ಲಿ ಅಚ್ಚಿನ ತಪ್ಪೇನೂ ಇಲ್ಲ. ವಾಗ್ನರ್ ತನ್ನ ಚಿತ್ರವನ್ನು ಬಳಸಲು ಒಪ್ಪದ ಕಾರಣ ಮುದ್ರಣ ಬೇಗನೆ ನಿಂತು ಪ್ರತಿಗಳು ವಿರಳವಾದವು, ಅಷ್ಟೆ. ನಮ್ಮ ವಿಷಯಕ್ಕೆ ಬೇಕಾದವನು ಅದೇ ಮಾಲೆಯ ಇನ್ನೊಬ್ಬ: ಫಿಲಡೆಲ್ಫಿಯಾ ತಂಡದ ಶೆರಿ ಮಗೀ.

ಅವನ ಹೆಸರನ್ನು ಇಂಗ್ಲಿಷಿನಲ್ಲಿ ಎಂ-ಎ-ಜಿ-ಇ-ಇ ಎಂದು ಬರೆಯಬೇಕು. ಕಲ್ಲಚ್ಚಿನವರು ಎಂ-ಎ-ಜಿ-ಐ-ಇ ಎಂದು ಬರೆದರು. ಸ್ವಲ್ಪ ಕಾಲದಲ್ಲೇ ಯಾರೋ ಅದನ್ನು ಗಮನಿಸಿದರು, ತಿದ್ದಿದರು, ಮುಂದಿನ ಕಾರ್ಡುಗಳೆಲ್ಲ ಸರಿಯಾದ ಹೆಸರಿನಲ್ಲಿ ಬಂದವು. ತಪ್ಪು ಹೆಸರಿನ ಪ್ರತಿಗಳು ಪೀಡ್‌ಮಾಂಟ್ ಎಂಬ ಒಂದೇ ಸಿಗರೇಟಿನ ಮುದ್ರೆಯುಳ್ಳ ಬೆನ್ನಿನಲ್ಲಿ ಮಾತ್ರ ಸಿಗುತ್ತವೆ. ಎಂದರೆ ಮುದ್ರಣದ ಆರಂಭದ ದಿನಗಳಲ್ಲೇ ತಿದ್ದುಪಡಿ ನಡೆದಿತ್ತು. ಇಂದು ಸಂಗ್ರಾಹಕರು ಹಂಬಲಿಸುವುದು ಆ ತಪ್ಪು ಕಾರ್ಡಿಗೆ. ಸರಿಯಾದದ್ದು ಸಾಮಾನ್ಯ ಕಾರ್ಡುಗಳ ಗುಂಪಿನಲ್ಲಿ ಉಳಿದುಬಿಟ್ಟಿದೆ.

ಈ ಮಗೀ ಸಾಮಾನ್ಯ ಆಟಗಾರನಲ್ಲ. 1910ರಲ್ಲಿ ಅವನು ನ್ಯಾಷನಲ್ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೊದಲಿಗನಾದ. ಮರುವರ್ಷ ಸಿಟ್ಟಿನ ಭರದಲ್ಲಿ ಅಂಪೈರನನ್ನೇ ಹೊಡೆದು ಕೆಡವಿ ನಿಷೇಧಕ್ಕೊಳಗಾದ. ವಿಚಿತ್ರವೆಂದರೆ, 1928ರಲ್ಲಿ ಅದೇ ಲೀಗಿನಲ್ಲಿ ಅವನೇ ಅಂಪೈರನಾದ. ಮರುವರ್ಷ ನ್ಯುಮೋನಿಯಾದಿಂದ ಸತ್ತಾಗ ಅವನಿಗೆ 44 ವರ್ಷ. ಇಂಥ ಬದುಕಿದ್ದವನು ಈಗ ಬಹುಜನರಿಗೆ ಗೊತ್ತಿರುವುದು ತನ್ನದಲ್ಲದ ಒಂದು 'ಐ' ಅಕ್ಷರದಿಂದ!

ಅದೇ ಮಾಲೆಯ ಜೋ ಡಾಯ್ಲ್‌ನ ಕಥೆ ಇನ್ನೂ ಸೂಕ್ಷ್ಮವಾದದ್ದು. ನ್ಯೂಯಾರ್ಕಿನಲ್ಲಿ ಆಗ ಎರಡು ಲೀಗುಗಳ ತಂಡಗಳಿದ್ದವು. ಜೋ ಡಾಯ್ಲ್ ಅಮೆರಿಕನ್ ಲೀಗಿನ ತಂಡದಲ್ಲಿ ಚೆಂಡೆಸೆಯುವವನು, ಲ್ಯಾರಿ ಡಾಯ್ಲ್ ನ್ಯಾಷನಲ್ ಲೀಗಿನ ತಂಡದವನು. ಕಾರ್ಡು ಸಿದ್ಧಪಡಿಸಿದವರು ಇಬ್ಬರನ್ನೂ ಬೆರೆಸಿ, ಜೋ ಚಿತ್ರದ ಕೆಳಗೆ 'ನ್ಯೂಯಾರ್ಕ್, ನ್ಯಾಷನಲ್' ಎಂದು ಹಾಕಿಬಿಟ್ಟರು. ತಪ್ಪು ತಿಳಿದೊಡನೆ 'ನ್ಯಾಷನಲ್' ಎಂಬುದನ್ನು ಅಳಿಸಿ ಅಚ್ಚನ್ನು ಮುಂದುವರಿಸಿದರು. ಅಳಿಸುವುದಕ್ಕೆ ಮುಂಚೆ ಹೊರಬಿದ್ದವುಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು.

ಈ ಎರಡು ಉದಾಹರಣೆಗಳಲ್ಲೇ ಶಿಷ್ಯರ ಪ್ರಶ್ನೆಗೆ ಅರ್ಧ ಉತ್ತರವಿದೆ. ಬೆಲೆ ಬರುವುದು ತಪ್ಪಿಗಲ್ಲ, ತಿದ್ದಿದ್ದಕ್ಕೆ. ಯಂತ್ರ ಓಡತೊಡಗಿದ ಕ್ಷಣಕ್ಕೂ ಯಾರೋ ಕಣ್ಣಿಟ್ಟು ನೋಡಿ ಅದನ್ನು ನಿಲ್ಲಿಸಿದ ಕ್ಷಣಕ್ಕೂ ನಡುವಿನ ಅಲ್ಪಕಾಲವೇ ವಿರಳತೆಯನ್ನು ಹುಟ್ಟಿಸುತ್ತದೆ. ಆ ಕಾಲ ಚಿಕ್ಕದಾದಷ್ಟೂ ಬೆಲೆ ದೊಡ್ಡದು. ಕರಡು ತಿದ್ದುವವನು ಮಲಗಿಬಿಟ್ಟರೆ ತಪ್ಪು ಎಷ್ಟೇ ಘೋರವಾಗಿದ್ದರೂ ಅದಕ್ಕೆ ಮೂರು ಕಾಸಿನ ಹೆಚ್ಚುವರಿ ಬೆಲೆಯಿಲ್ಲ.

ಇದನ್ನು ಪರೀಕ್ಷಿಸಲು ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಸಿಗರೇಟಿನ ಕಾಲ ಮುಗಿದು ಬಬಲ್‌ಗಮ್ಮಿನ ಜೊತೆ ಕಾರ್ಡುಗಳು ಬರತೊಡಗಿದ ಮೇಲಿನ ಮಾತಿದು. 1957ರಲ್ಲಿ ಟಾಪ್ಸ್ ಕಂಪನಿಯು ಹ್ಯಾಂಕ್ ಆರನ್‌ನ ನೆಗೆಟಿವನ್ನು ತಿರುಗುಮುರುಗಾಗಿ ಇಟ್ಟು ಅಚ್ಚುಹಾಕಿತು. ಬಲಗೈ ಬ್ಯಾಟುಗಾರನಾದ ಆ ಮಹಾನ್ ಆಟಗಾರ ಎಡಗೈಯವನಂತೆ ನಿಂತಿದ್ದಾನೆ, ಅಂಗಿಯ ಮೇಲಿನ 44 ಎಂಬ ಅಂಕಿಯೂ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ. ಕಂಪನಿ ಅದನ್ನು ತಿದ್ದಲೇ ಇಲ್ಲ. ಹಾಗಾಗಿ ಇರುವುದೆಲ್ಲ ತಪ್ಪು ಕಾರ್ಡುಗಳೇ. ಆರನ್‌ನ ಹೆಸರಿಗೆ ಬೆಲೆಯಿದೆ, ತಪ್ಪಿಗಿಲ್ಲ. 1989ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಕಂಪನಿಯು ಡೇಲ್ ಮರ್ಫಿಯ ಚಿತ್ರವನ್ನು ಹೀಗೆಯೇ ತಿರುಗಿಸಿ ಅಚ್ಚುಹಾಕಿತು, ಆದರೆ ಬೇಗನೆ ತಿದ್ದಿತು. ಸಂಗ್ರಾಹಕರು ಆ ತಿರುಗಿದ ಮರ್ಫಿಯನ್ನು ಬೇರೆಯಾಗಿ ಎತ್ತಿಟ್ಟು ಹೆಚ್ಚು ಹಣ ಕೊಟ್ಟರು. ಒಂದೇ ಬಗೆಯ ತಪ್ಪು, ಎರಡು ಬಗೆಯ ಫಲ.

1952ರ ಟಾಪ್ಸ್ ಮಾಲೆಯಲ್ಲಿ ಜೋ ಪೇಜ್ ಮತ್ತು ಜಾನಿ ಸೇಯ್ನ್ ಎಂಬಿಬ್ಬರ ಬೆನ್ನುಗಳು ಅದಲುಬದಲಾದವು: ಮುಂಭಾಗದಲ್ಲಿ ಒಬ್ಬನ ಮುಖ, ಹಿಂಭಾಗದಲ್ಲಿ ಮತ್ತೊಬ್ಬನ ಜೀವನಚರಿತ್ರೆ. ಇವುಗಳ ಸಂಖ್ಯೆ 48 ಮತ್ತು 49. ಇದನ್ನೂ ತಿದ್ದಿದರು, ಇದಕ್ಕೂ ಬೆಲೆ ಬಂತು. 1958ರಲ್ಲಿ ಪಾಂಚೊ ಹೆರೆರಾ ಎಂಬವನ ಹೆಸರಿನ ಕೊನೆಯ 'ಎ' ಅಕ್ಷರ ಕೆಲವು ಪ್ರತಿಗಳಲ್ಲಿ ಮೂಡಲೇ ಇಲ್ಲ. ಆ ಒಂದು ಅಕ್ಷರದ ಗೈರುಹಾಜರಿಗೆ ಇಂದು ನೂರಾರು ಡಾಲರು ಕೊಡುವವರಿದ್ದಾರೆ.

ಕೆಲವು ತಪ್ಪುಗಳು ಅಚ್ಚಿನವರದಲ್ಲ, ಆಟಗಾರರ ಕುಚೋದ್ಯ. 1957ರ ವಿಶ್ವ ಸರಣಿಯಲ್ಲಿ ಮೂರು ಪಂದ್ಯಗಳನ್ನು ಗೆದ್ದುಕೊಟ್ಟ ಲೂ ಬರ್ಡೆಟ್ ಬಲಗೈಯಲ್ಲಿ ಚೆಂಡೆಸೆಯುವವನು. 1959ರ ಕಾರ್ಡಿನ ಚಿತ್ರಕ್ಕೆ ಅವನು ತಂಡದ ಗೆಳೆಯನ ಎಡಗೈ ಗವಸು ಹಾಕಿಕೊಂಡು ಎಡಚನಂತೆ ನಿಂತ. ಟಾಪ್ಸ್‌ನವರು ಅದನ್ನು ನಂಬಿ ಅಚ್ಚುಹಾಕಿದರು, ಸಾಲದ್ದಕ್ಕೆ ಅವನ ಹೆಸರಿನ ಅಕ್ಷರವನ್ನೂ ತಪ್ಪಿಸಿದರು.

ಈ ವ್ಯಾಪಾರದಲ್ಲಿ ಟಾಪ್ಸ್‌ಗೆ ಬಹುಕಾಲ ಎದುರಾಳಿಗಳೇ ಇರಲಿಲ್ಲ. 1980ರಲ್ಲಿ ನ್ಯಾಯಾಲಯದ ತೀರ್ಪು ಆ ಏಕಸ್ವಾಮ್ಯವನ್ನು ಮುರಿದಾಗ, 1981ರಲ್ಲಿ ಫ್ಲೀರ್ ಮತ್ತು ಡಾನ್ರಸ್ ಕಂಪನಿಗಳು ತರಾತುರಿಯಲ್ಲಿ ಕಣಕ್ಕಿಳಿದವು. ಅವಸರದ ಫಲ ಕಾಗುಣಿತದಲ್ಲಿ ಕಂಡಿತು. ಗ್ರೇಗ್ ನೆಟಲ್ಸ್ ಎಂಬವನ ಹೆಸರು ಫ್ಲೀರ್ ಕಾರ್ಡಿನ ಬೆನ್ನಲ್ಲಿ 'ಕ್ರೇಗ್' ಆಯಿತು. ಅದನ್ನು ತಿದ್ದಿದ್ದೇ ತಡ, ಮಕ್ಕಳೆಲ್ಲ ಪೊಟ್ಟಣ ಒಡೆದು 'ಕ್ರೇಗ್'ನನ್ನು ಹುಡುಕತೊಡಗಿದರು. ತಪ್ಪು ಹುಡುಕುವುದೇ ಒಂದು ಆಟವಾಯಿತು.

ಈ ಆಟ ಪರಾಕಾಷ್ಠೆ ಮುಟ್ಟಿದ್ದು 1989ರಲ್ಲಿ. ಆ ವರ್ಷದ ಫ್ಲೀರ್ ಕಾರ್ಡಿನಲ್ಲಿ ಬಾಲ್ಟಿಮೋರ್ ತಂಡದ ಬಿಲ್ಲಿ ರಿಪ್ಕೆನ್ ಹೆಗಲ ಮೇಲೆ ಬ್ಯಾಟಿಟ್ಟು ನಗುತ್ತಿದ್ದಾನೆ. ಬ್ಯಾಟಿನ ಹಿಡಿಯ ತುದಿಯಲ್ಲಿ ಇಲ್ಲಿ ಬರೆಯಲಾಗದಂತಹ ಒಂದು ಬೈಗುಳ ಸ್ಪಷ್ಟವಾಗಿ ಕಾಣುತ್ತದೆ. ಅಭ್ಯಾಸದ ಬ್ಯಾಟನ್ನು ಗುರುತಿಸಲೆಂದು ತಾನೇ ಅದನ್ನು ಬರೆದಿದ್ದೆನೆಂದು ಅವನು 2008ರಲ್ಲಿ ಒಪ್ಪಿಕೊಂಡ. ಸುದ್ದಿ ಹರಡಿದೊಡನೆ ಕಂಪನಿಯವರು ಆ ಜಾಗವನ್ನು ಮರೆಮಾಡಲು ಹೊರಟು, ಒಮ್ಮೆ ಬಿಳಿ ಬಳಿದರು, ಒಮ್ಮೆ ಕಪ್ಪು ಗೀಚಿದರು, ಕೊನೆಗೆ ಕಪ್ಪು ಚೌಕವಿಟ್ಟರು. ಪರಿಣಾಮವೇನಾಯಿತು ನೋಡಿ: ಬೈಗುಳವಿರುವ ಕಾರ್ಡಿಗಿಂತ ಬಿಳಿ ಬಳಿದ ಕಾರ್ಡು ಹೆಚ್ಚು ವಿರಳವಾಗಿ, ಅದಕ್ಕೇ ಹೆಚ್ಚು ಬೆಲೆ ಬಂತು. ಇಲ್ಲಿ ತಪ್ಪನ್ನು ತಿದ್ದುವಿಕೆಯೇ ಹಿಂದಿಕ್ಕಿತು.

ಮರುವರ್ಷದ ಫ್ರ್ಯಾಂಕ್ ಥಾಮಸ್ ಕಾರ್ಡಿನ ಹಿಂದಿರುವುದು ನಿಜವಾದ ಯಂತ್ರದೋಷ. ಕಾರ್ಡುಗಳನ್ನು ಒಂದೊಂದಾಗಿ ಅಚ್ಚುಹಾಕುವುದಿಲ್ಲ. ದೊಡ್ಡ ಹಾಳೆಯಲ್ಲಿ ಹಲವನ್ನು ಒಟ್ಟಿಗೆ, ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದರಂತೆ ಹಾಕಿ, ಬಳಿಕ ಕತ್ತರಿಸುತ್ತಾರೆ. ಟಾಪ್ಸ್‌ನ 1990ರ ಕೆಲವು ಹಾಳೆಗಳಲ್ಲಿ ಒಂದು ಭಾಗಕ್ಕೆ ಕಪ್ಪು ಶಾಯಿ ತಗಲಲಿಲ್ಲ. ಆ ಜಾಗದಲ್ಲಿದ್ದ ಥಾಮಸ್‌ನ ಹೆಸರು ಮಾಯವಾಯಿತು. ಸಂಗ್ರಾಹಕರು ಇಷ್ಟಕ್ಕೇ ನಿಲ್ಲಲಿಲ್ಲ. ಹಾಳೆಯಲ್ಲಿ ಅವನ ಸುತ್ತಮುತ್ತ ಇದ್ದ ಕಾರ್ಡುಗಳಲ್ಲೂ ಕಪ್ಪು ಗೆರೆ ಅಲ್ಲಲ್ಲಿ ಅಳಿಸಿರುವುದನ್ನು ಹುಡುಕಿ, ತುಂಡುಗಳನ್ನು ಜೋಡಿಸಿ, ಶಾಯಿ ತಪ್ಪಿದ ಜಾಗದ ಆಕಾರವನ್ನೇ ಗುರುತಿಸಿದರು. ಶಾಸನದ ಒಡೆದ ಚೂರುಗಳನ್ನು ಕೂಡಿಸಿ ಓದುವ ವಿದ್ವಾಂಸರ ತಾಳ್ಮೆಗೂ ಇದಕ್ಕೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಆ ಕಾಲದಲ್ಲಿ ಕಾರ್ಡುಗಳನ್ನು ಮಿತಿಯಿಲ್ಲದೆ ಅಚ್ಚುಹಾಕಿದ್ದರಿಂದ ಸರಿಯಾಗಿ ಅಚ್ಚಾದವುಗಳಿಗೆ ಇಂದು ಕಾಗದದ ಬೆಲೆಯೂ ಇಲ್ಲ. ಹೆಸರಿಲ್ಲದ ಥಾಮಸ್ ಮಾತ್ರ ಸಾವಿರಾರು ಡಾಲರು ತರುತ್ತಾನೆ.

ಹಣವಿರುವಲ್ಲಿ ಮೋಸವೂ ಇರುತ್ತದೆ. ಸರಿಯಾದ ಮಗೀ ಕಾರ್ಡಿನ ಅಕ್ಷರವನ್ನು ಜಾಣ್ಮೆಯಿಂದ ಕೆರೆದು ತಪ್ಪು ಮಗೀಯನ್ನು ತಯಾರಿಸಿದವರಿದ್ದಾರೆ. ಒಪ್ಪನ್ನು ಕಷ್ಟಪಟ್ಟು ತಪ್ಪಾಗಿಸುವ ಈ ವಿದ್ಯೆಯನ್ನು ನನ್ನ ಯಾವ ತರಗತಿಯ ಕೊನೆಯ ಬೆಂಚಿನವರೂ ಕಲಿತಿರಲಿಲ್ಲ.

ಇಷ್ಟನ್ನು ಓದಿ ನಗಬಹುದು. ಆದರೆ ತಿದ್ದಿದ ತಪ್ಪಿಗೇ ಬೆಲೆ ಎಂದ ಮೇಲೆ, ತಿದ್ದದೆ ಬಿಟ್ಟ ತಪ್ಪುಗಳು ಯಾರವು ಎಂದು ಕೇಳದಿರಲಾಗದು. 1969ರ ಟಾಪ್ಸ್ ಮಾಲೆಯಲ್ಲಿ ಅರೇಲಿಯೊ ರೊಡ್ರಿಗೆಸ್ ಎಂಬ ಮೆಕ್ಸಿಕೊ ದೇಶದ ಆಟಗಾರನ ಹೆಸರಿನಲ್ಲಿರುವ ಚಿತ್ರ ಅವನದಲ್ಲ, ತಂಡದ ಬ್ಯಾಟುಗಳನ್ನು ಎತ್ತಿಕೊಡುತ್ತಿದ್ದ ಹುಡುಗನದು. ಕಂಪನಿ ಅದನ್ನು ತಿದ್ದಲಿಲ್ಲ. ಬ್ರೂಕ್ಸ್ ರಾಬಿನ್‌ಸನ್ ಎಂಬ ದಿಗ್ಗಜ ಸತತ 16 ವರ್ಷ ತನ್ನದಾಗಿಸಿಕೊಂಡಿದ್ದ ಚಿನ್ನದ ಗವಸು ಪ್ರಶಸ್ತಿಯನ್ನು 1976ರಲ್ಲಿ ಪಡೆದವನು ಇದೇ ರೊಡ್ರಿಗೆಸ್. ಅವನ ಮುಖ ಹೇಗಿದೆಯೆಂದು ನೋಡುವ ತೊಂದರೆಯನ್ನು 1969ರಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ.

ಇನ್ನೊಂದು ಪ್ರಸಂಗವನ್ನು ಯಾವ ಬೆಲೆಪಟ್ಟಿಯೂ ತಪ್ಪೆಂದು ಗುರುತಿಸುವುದಿಲ್ಲ. ಪೋರ್ಟೊ ರಿಕೊ ದ್ವೀಪದ ರೊಬರ್ಟೊ ಕ್ಲೆಮೆಂಟೆ 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಸೇರಿದ. ಮೊದಲ ಎರಡು ವರ್ಷ ಕಾರ್ಡುಗಳಲ್ಲಿ ಅವನ ಹೆಸರು ಸರಿಯಾಗಿಯೇ ಇತ್ತು. 1957ರಿಂದ 1969ರವರೆಗೆ ಟಾಪ್ಸ್ ಅವನನ್ನು 'ಬಾಬ್ ಕ್ಲೆಮೆಂಟೆ' ಎಂದು ಅಚ್ಚುಹಾಕಿತು. ಅಮೆರಿಕನ್ನರ ನಾಲಗೆಗೆ ಸುಲಭವಾಗಲೆಂದು ಇಟ್ಟ ಹೆಸರದು. ಅವನಿಗೆ ಅದು ಇಷ್ಟವಿರಲಿಲ್ಲ. ಮಗೀಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದಾಗ ಯಂತ್ರ ನಿಂತಿತು. ಇಲ್ಲಿ ಹೆಸರೇ ತಪ್ಪಿದರೂ 13 ವರ್ಷ ಓಡಿತು. ಲಕ್ಷಾಂತರ ಮಕ್ಕಳು ಅವನನ್ನು ಬಾಬ್ ಎಂದೇ ಕಲಿತರು. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ, ಇನಿಷಿಯಲ್ಲಿನೊಳಗೆ ಅಡಗಿದ್ದ ತಂದೆಯ ಹೆಸರಿನಿಂದಲೋ ಊರಿನ ಹೆಸರಿನಿಂದಲೋ ಕಚೇರಿಗಳಲ್ಲಿ ಕರೆಸಿಕೊಳ್ಳುತ್ತಿರುವ ನಿಮ್ಮಲ್ಲಿ ಕೆಲವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

1970ರ ಕಾರ್ಡಿನಲ್ಲಿ 'ರೊಬರ್ಟೊ' ಮರಳಿ ಬಂತು. 1972ರ ಸೆಪ್ಟೆಂಬರಿನಲ್ಲಿ ಅವನು ತನ್ನ 3000ನೆಯ ಹಿಟ್ ಬಾರಿಸಿದ. ಅದೇ ವರ್ಷದ ಕೊನೆಯ ದಿನ, ಭೂಕಂಪದಲ್ಲಿ ನೊಂದ ನಿಕರಾಗುವಾದ ಜನರಿಗೆ ನೆರವಿನ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. 1973ರಲ್ಲಿ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಅವನಿಗಾಗಿ ಕಂಚಿನ ಫಲಕವನ್ನು ಎರಕಹೊಯ್ದಿತು. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಮನೆತನದ ಹೆಸರು ಮೊದಲು, ತಾಯಿಯದು ಅನಂತರ. ಹಾಗಾಗಿ ಅವನು ರೊಬರ್ಟೊ ಕ್ಲೆಮೆಂಟೆ ವಾಕರ್. ಫಲಕದಲ್ಲಿ ಅದು ರೊಬರ್ಟೊ ವಾಕರ್ ಕ್ಲೆಮೆಂಟೆ ಎಂದಾಗಿತ್ತು. 2000ದಲ್ಲಿ ಅದನ್ನು ಇಳಿಸಿ, ಹೆಸರಿನ ಕ್ರಮವನ್ನು ಸರಿಪಡಿಸಿದ ಹೊಸ ಫಲಕವನ್ನು ಗೋಡೆಗೆ ಹಾಕಿದರು.